ಭಂಗಾರಕ್ಕೆ ಹೋದ ಬಂಗಾರ

ನಮ್ಮ ಕಲಬುರಗಿ ಸೀಮೆಯಲ್ಲಿ ಮುರುಕು ಕಬ್ಬಿಣ, ಹಳೇ ಡಬ್ಬ, ಬೇಡವಾದ ಸಾಮಾನಿಗೆಲ್ಲ 'ಭಂಗಾರ' ಅನ್ನುತ್ತೇವೆ. ಕೊರಳಿಗೆ ಹಾಕಿಕೊಳ್ಳುವುದು ಬಂಗಾರ. ಬರೆಯುವಾಗ ಅಕ್ಷರದ ಕೆಳಗಿನ ಒಂದು ಸೀಳಷ್ಟೇ ವ್ಯತ್ಯಾಸ. ಬಾಯಿಮಾತಿನಲ್ಲಿ ಅದೂ ಉಳಿಯುವುದಿಲ್ಲ. ಈ ಎರಡರ ಗುರುತು ತಿಳಿಯದೆ ನಾನೊಂದು ತಪ್ಪು ಮಾಡಿದೆ. ನಿಮ್ಮಲ್ಲಿ ಯಾರಾದರೂ ಅದೇ ತಪ್ಪು ಮಾಡುವ ಮೊದಲು ಹೇಳಿಬಿಡೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ಎಂಟು ವರ್ಷದ ಹಿಂದಿನ ಮಾತು. ದೀಪಾವಳಿಗೆ ಮನೆಯಲ್ಲಿ ಸುಣ್ಣಬಣ್ಣ ನಡೆದಿತ್ತು. ಪಡಸಾಲೆಯ ಮೂಲೆಯಲ್ಲಿ ನಮ್ಮ ಮಾವನವರ ಆರಾಮಕುರ್ಚಿ. ಸಾಗವಾನಿ ಮರದ್ದು. ಉದ್ದನೆಯ ಕೈ, ಬೆತ್ತ ಹೆಣೆದ ಬೆನ್ನು. ಮಾವನವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಬೆತ್ತ ಜೋತುಬಿದ್ದಿತ್ತು, ಒಂದು ಕಾಲು ಅಲುಗುತ್ತಿತ್ತು, ಕಸ ಹೊಡೆಯುವಾಗ ದಿನಾ ಅಡ್ಡ. ಸರಿಯಾಗಿ ಆ ಹೊತ್ತಿಗೇ ಓಣಿಯಲ್ಲಿ ಭಂಗಾರದವನ ಕೂಗು ಕೇಳಿಸಿತು.

"ಅಕ್ಕಾ, ಇದರ ಬದಲಿ ಎರಡು ಪ್ಲಾಸ್ಟಿಕ್ ಕುರ್ಚಿ ಕೊಡ್ತೀನ್ರಿ, ಹೊಸಾವು" ಅಂದ.

ನಾನು ಹೂಂ ಅಂದೆ. ಒಂದಕ್ಕೆ ಎರಡು ಬಂತಲ್ಲ ಎಂದು ಖುಷಿಯೂ ಆಯಿತು. ಅತ್ತೆಯವರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಅತ್ತೆಯವರು ಗುಡಿಗೆ ಹೋಗಿದ್ದವರು ಬಂದರು. ಖಾಲಿ ಮೂಲೆ ನೋಡಿದರು. ಏನೂ ಅನ್ನಲಿಲ್ಲ. ಹೊಸ ಕುರ್ಚಿ ತಂದು ಹಾಕಿದೆ, ಕೂಡಲಿಲ್ಲ. ಅದೇ ಮೂಲೆಯಲ್ಲಿ ಫರಸಿಯ ಮೇಲೆ ಗೋಡೆಗೆ ಒರಗಿ ಕುಳಿತರು. ಒಂದು ವಾರ ಹಾಗೆಯೇ ನಡೆಯಿತು. ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು.

ಆ ಎರಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದು ಮೂರನೇ ಬೇಸಿಗೆಗೆ ಬಿಸಿಲಲ್ಲಿ ಸೀಳಿತು. ಇನ್ನೊಂದು ಬಚ್ಚಲಲ್ಲಿದೆ. ಹೋದ ವರ್ಷ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಒಂದು ಅಂಗಡಿಯಿಂದ ಫೋಟೋ ಕಳಿಸಿ ಫೋನ್ ಮಾಡಿದಳು. "ಅವ್ವಾ, ನಮ್ಮ ಮುತ್ಯಾನ ಕುರ್ಚಿ ಹಂಗೇ ಅದ ನೋಡು. ರೇಟು ಎಷ್ಟು ಗೊತ್ತದ? 28,000 ರೂಪಾಯಿ!"

ಫೋಟೋ ನೋಡಿದೆ. ಅದೇ ಕೈ, ಅದೇ ಬೆತ್ತ. ಬೆಲೆ ಕೇಳಿ ಹೊಟ್ಟೆ ಉರಿಯಿತು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ನೆನಪಾದದ್ದು ಗೋಡೆಗೆ ಒರಗಿ ಕೂತ ಅತ್ತೆಯವರ ಮುಖ.

ಈಗ ಇದಕ್ಕೆ ಹೊಸ ಹೆಸರು

ಪಟ್ಟಣದ ಅಂಗಡಿಗಳಲ್ಲಿ ಇಂಥವನ್ನು 'ರೆಟ್ರೋ' ಅನ್ನುತ್ತಾರೆ, 'ಮಿಡ್‌ಸೆಂಚುರಿ' ಅನ್ನುತ್ತಾರೆ. ಅಂದರೆ ಹೋದ ಶತಮಾನದ ನಡುವಿನ ವರ್ಷಗಳ ಸಾಮಾನು; ಸುಮಾರಾಗಿ 1945ರಿಂದ 1965ರವರೆಗಿನದು, ಇಲ್ಲವೇ ಅದನ್ನು ನೋಡಿ ಈಗ ಮಾಡಿದ್ದು. ಕೆತ್ತನೆ ಕಡಿಮೆ, ಗೆರೆ ನೇರ, ಕಾಲು ಸಣ್ಣಗೆ ಓರೆಯಾಗಿ ಇಳಿದಿರುತ್ತದೆ, ಕೆಳಗೆ ಕಸಬರಿಗೆ ಆಡಲು ಜಾಗವಿರುತ್ತದೆ. ನಮ್ಮ ಕಡೆ ಅಂಥವಕ್ಕೆ ಏನು ಬರ? ಶಹಾಬಾದ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಕ್ವಾರ್ಟರ್ಸುಗಳಲ್ಲಿ, ರೈಲ್ವೆಯವರ ಮನೆಗಳಲ್ಲಿ ಇದ್ದ ಕುರ್ಚಿ ಮೇಜುಗಳನ್ನು ನೋಡಿ ನಮ್ಮೂರ ಬಡಿಗೇರರೂ ಹಾಗೇ ಮಾಡಿಕೊಡುತ್ತಿದ್ದರಂತೆ. ನಮ್ಮ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಪಲಂಗ, ಅಲಮಾರಿ, ಪಾನದಾನ ಎಂಬ ಹೈದರಾಬಾದಿನ ಮಾತುಗಳೂ ಸಾಮಾನುಗಳೂ ನಮ್ಮ ಮನೆಗಳಲ್ಲಿ ಸಹಜ. 1942ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಆಲ್ವಿನ್ ಕಂಪನಿಯ ಉಕ್ಕಿನ ಬೀರು, ಫ್ರಿಜ್ಜು ನಿಮ್ಮ ತವರಿನಲ್ಲೂ ಇದ್ದಿರಬಹುದು. ಗೋದ್ರೇಜ್ ಕಂಪನಿಯವರು ಉಕ್ಕಿನ ಬೀರು ಮಾಡಲು ಹೊರಟದ್ದು 1923ರಲ್ಲಿ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಲಕ್ಷಗಟ್ಟಲೆ ಮತಪೆಟ್ಟಿಗೆ ಮಾಡಿಕೊಟ್ಟವರೂ ಅವರೇ. ಅಂಥ ಬೀರುಗಳು ಎರಡು ಮೂರು ತಲೆಮಾರು ಬಾಳಿದರೆ ಆಶ್ಚರ್ಯವೇನಿಲ್ಲ.

ಮೋಸ ಹೋದವರು ನಾವಷ್ಟೇ ಅಲ್ಲ

ನನ್ನ ಹಾಗೆ ಸರಕಾರವೇ ಮೋಸಹೋದ ಕಥೆ ಕೇಳಿ. ಚಂಡೀಗಢ ನಗರವನ್ನು ಹೊಸದಾಗಿ ಕಟ್ಟುವಾಗ ಲ ಕಾರ್ಬೂಸಿಯೆ ಅವರ ಜೊತೆಗೆ ಬಂದ ಅವರ ಸೋದರಸಂಬಂಧಿ ಪಿಯರ್ ಜಾನರೆ, 1950ರ ದಶಕದಲ್ಲಿ ಕಚೇರಿ, ಕಾಲೇಜು, ಕೋರ್ಟುಗಳಿಗೆಂದು ಸಾಗವಾನಿ ಮತ್ತು ಬೆತ್ತದ ಕುರ್ಚಿಗಳನ್ನು ರೂಪಿಸಿದರು. ಮಾಡಿದವರು ನಮ್ಮ ದೇಶದ ಬಡಿಗೇರರೇ. ಕಾಲಾಂತರದಲ್ಲಿ ಅವು ಹಳತಾದವೆಂದು ತಾರಸಿ ಮೇಲೆ, ಹಿತ್ತಲಲ್ಲಿ ಗುಡ್ಡೆ ಹಾಕಿದರು. ಭಂಗಾರದ ಬೆಲೆಗೆ ಹರಾಜು ಹಾಕಿದರು. ಕೊಂಡವರು ಒರೆಸಿ, ಬೆತ್ತ ಹೆಣೆಸಿ ಪರದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಮಾರಿದರು. ಆಮೇಲೆ ಎಚ್ಚರಾಯಿತು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟ ತಡೆಯಲು ಆದೇಶ ಮಾಡಿತು.

ಇನ್ನೊಂದು ಸಂಗತಿ. ಭಾರತ ಸರಕಾರದ ಕರೆಯ ಮೇಲೆ ಅಮೆರಿಕದಿಂದ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿ ಬಂದಿದ್ದರು. ಕುರ್ಚಿ ಮಾಡುವುದರಲ್ಲಿ ಲೋಕಕ್ಕೇ ಹೆಸರಾದವರು. ದೇಶವೆಲ್ಲ ತಿರುಗಿ 1958ರಲ್ಲಿ ಒಂದು ವರದಿ ಬರೆದರು. ಅದರಿಂದಲೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅವರು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚಿದ್ದು ಯಾವುದನ್ನು ಅಂತೀರಿ? ತಾಜಮಹಲನ್ನಲ್ಲ, ನಾವು ದಿನಾ ನೀರು ಕುಡಿಯುವ ತಂಬಿಗೆಯನ್ನು! ಕೈಗೆ ಹೇಗೆ ಕೂಡುತ್ತದೆ, ನೀರು ಹೇಗೆ ಬೀಳುತ್ತದೆ, ತುಂಬಿದಾಗ ತೂಕ ಹೇಗೆ, ತೊಳೆಯಲು ಸುಲಭವೇ ಎಂದೆಲ್ಲ ಯೋಚಿಸಿ, ಇದನ್ನು ಒಬ್ಬರು ಮಾಡಿದ್ದಲ್ಲ, ಎಷ್ಟೋ ತಲೆಮಾರು ಸೇರಿ ತಿದ್ದಿದ್ದು ಎಂದು ಹೇಳಿದರು. ಅದನ್ನು ಓದಿದ ಮೇಲೆ ತಂಬಿಗೆ ಬೆಳಗುವಾಗ ನನ್ನ ಕೈ ಸ್ವಲ್ಪ ನಿಧಾನವಾಗುತ್ತದೆ.

ನಮ್ಮ ರಾಜ್ಯದಲ್ಲೇ ಕಣ್ಣಿದ್ದವರು ಇದ್ದರು. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ಜನ ಹಳೇ ಮನೆ ಕೆಡವಿ ಕಂಬ, ಬಾಗಿಲು, ಪಾತ್ರೆಪಡಗ ಮಾರುವುದನ್ನು ಕಂಡು ತಾಳಲಾರದೆ ಕೂಡಿಸತೊಡಗಿದರು. ಕೊನೆಗೆ ಇಡೀ ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಅವರು 2017ರಲ್ಲಿ ತೀರಿಕೊಂಡರು. ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇದೆ.

ಕಾಲ ಕೆಳಗಿನ ಕಲ್ಲು

ಈ ವರ್ಷ ಮಗಳ ಮದುವೆ ನಿಶ್ಚಯವಾಯಿತು. ಮನೆ ಸ್ವಲ್ಪ ಹೊಸದು ಮಾಡೋಣ ಎಂದು ನಮ್ಮವರು ಹೊರಟರು. ಕೆಲಸ ಹಿಡಿದವರು ಬಂದವರೇ, "ಈ ಫರಸಿ ಕಿತ್ತು ಟೈಲ್ಸ್ ಹಾಕಿಬಿಡ್ರಿ, ಕನ್ನಡಿ ಹಂಗ ಹೊಳೀತದ" ಅಂದರು. ಈ ಸಲ ನಾನು ಹೂಂ ಅನ್ನಲಿಲ್ಲ.

ಶಹಾಬಾದಿ ಫರಸಿ ನಮಗೆ ಹಿತ್ತಲ ಗಿಡ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಲಿನ ಭೂಮಿಯಲ್ಲಿ ಸುಣ್ಣಕಲ್ಲು ಹಾಸುಹಾಸಾಗಿ ಮಲಗಿದೆ. ರೊಟ್ಟಿ ಒಟ್ಟಿದ ಹಾಗೆ ಪದರ ಪದರವಾಗಿರುವುದರಿಂದ ಉಳಿ ಹಾಕಿದರೆ ಚಪ್ಪಡಿಯಾಗಿಯೇ ಏಳುತ್ತದೆ. ಬೂದಿ, ನೀಲಿಛಾಯೆ, ತಿಳಿಹಸುರು, ಹಳದಿ ಹೀಗೆ ಬಣ್ಣ. ಇದೇ ಸುಣ್ಣಕಲ್ಲನ್ನು ಸುಟ್ಟು ಅರೆದರೆ ಸಿಮೆಂಟು. ಅದಕ್ಕೇ ನಮ್ಮ ಕಡೆ ಅಷ್ಟೊಂದು ಕಾರ್ಖಾನೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ ಎಂದು ಹೊಸದಾಗಿ ಹೇಳಬೇಕೇ? ಮಧ್ಯಾಹ್ನ ಫರಸಿಯ ಮೇಲೆ ನೀರು ಚಿಮುಕಿಸಿ ಮಲಗಿದವರಿಗೆ ಅದರ ಸುಖ ಗೊತ್ತು. ನುಣುಪು ಟೈಲ್ಸಿನ ಮೇಲೆ ನೀರು ಬಿದ್ದರೆ ವಯಸ್ಸಾದವರು ಜಾರುತ್ತಾರೆ. ಒರಟು ಫರಸಿ ಕಾಲು ಹಿಡಿಯುತ್ತದೆ. ನಾವು ಕಿತ್ತು ಹಾಕುವ ಈ ಕಲ್ಲನ್ನೇ ದೊಡ್ಡ ಊರಿನವರು ಲಾರಿಯಲ್ಲಿ ತರಿಸಿ ತಮ್ಮ ಹೊಸ ಮನೆಗಳಿಗೆ ಹಾಕಿಸುತ್ತಿದ್ದಾರೆ.

ನಾವು ಫರಸಿ ಕೀಳಲಿಲ್ಲ. ಒಡೆದ ನಾಲ್ಕು ಕಲ್ಲು ಬದಲಿಸಿ, ಸಂದಿಗೆ ಸಿಮೆಂಟು ತುಂಬಿಸಿ, ಯಂತ್ರದಿಂದ ಪಾಲಿಶ್ ಮಾಡಿಸಿದೆವು. ಒಂದು ಎಚ್ಚರಿಕೆ: ಇದು ಸುಣ್ಣಕಲ್ಲು, ಹುಳಿಗೆ ಆಗುವುದಿಲ್ಲ. ಬಚ್ಚಲು ತೊಳೆಯುವ ಆಸಿಡ್ ಹಾಕಲೇಬೇಡಿ. ನಿಂಬೆರಸ, ಹುಣಸೆರಸ ಚೆಲ್ಲಿದರೆ ಕೂಡಲೇ ಒರೆಸಿ. ಬಿಟ್ಟರೆ ಆ ಜಾಗದ ಹೊಳಪು ಸುಟ್ಟುಹೋಗಿ ಬಿಳುಪು ಕಲೆ ಉಳಿಯುತ್ತದೆ. ದಿನಕ್ಕೆ ಬರಿ ನೀರು, ವಾರಕ್ಕೊಮ್ಮೆ ತೆಳು ಸಾಬೂನಿನ ನೀರು ಸಾಕು.

ಅಲಮಾರಿಯ ಬಾಗಿಲು

ಫರಸಿ ಉಳಿಯಿತು. ಆಮೇಲೆ ಅತ್ತೆಯವರ ಅಲಮಾರಿಯ ಸರದಿ. 1972ರಲ್ಲಿ ಅವರ ತವರಿನಿಂದ ಬಂದದ್ದು. ಎತ್ತರದ ಸಾಗವಾನಿ ಅಲಮಾರಿ, ಬಾಗಿಲು ಊದಿಕೊಂಡು ಹತ್ತುತ್ತಿರಲಿಲ್ಲ. ಅದನ್ನು ಕೊಟ್ಟು ಗೋಡೆಗೆ ಹೊಸದು ಮಾಡಿಸೋಣ ಎಂದು ನಮ್ಮವರ ವಿಚಾರ. ನಾನೂ ಅರೆಮನಸ್ಸಿನಿಂದ ಒಪ್ಪಿದ್ದೆ. ಆದರೆ ಈ ಬಾರಿ ಮೊದಲು ಅತ್ತೆಯವರನ್ನು ಕೇಳಿದೆ.

"ಅತ್ತಿ, ಇದು ಇಟ್ಕೋಳಾದೇನ್ರಿ, ಕೊಡಾದೇನ್ರಿ?"

"ಮೊದಲ ಖಾಲಿ ಮಾಡವ್ವ, ಒಳಗ ನೋಡು" ಅಂದರು.

ಸೀರೆಗಳನ್ನೆಲ್ಲ ತೆಗೆದು ಬಾಗಿಲು ಪೂರ್ತಿ ತೆರೆದೆ. ಬಾಗಿಲಿನ ಒಳಮೈಯಲ್ಲಿ ಸೀಸದ ಕಡ್ಡಿಯಿಂದ ಬರೆದ ಸಾಲುಗಳು. ನಾಲ್ಕನೇ ಇಯತ್ತೆಯವರೆಗೆ ಓದಿದ ಅತ್ತೆಯವರ ದುಂಡಕ್ಷರ. ಮಕ್ಕಳು ಹುಟ್ಟಿದ ತಾರೀಕು. ಯಾರಿಗೆ ಎಷ್ಟು ಸೇರು ಜೋಳ ಕಡ ಕೊಟ್ಟದ್ದು, ತಿರುಗಿ ಬಂದದ್ದಕ್ಕೆ ಅಡ್ಡಗೆರೆ. ಎಮ್ಮೆ ಈದ ದಿನ. ಕೆಳಗೆ, ಉಳಿದವಕ್ಕಿಂತ ದಪ್ಪಗೆ: "12-5-2000. ಸೊಸಿ ಮನಿಗಿ ಬಂದಳು."

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಬಾಗಿಲನ್ನು ನಾನೇ ಒರೆಸಿದ್ದೇನೆ, ಹೊರಗಡೆಯಿಂದ ಮಾತ್ರ. ಅಲ್ಲೇ ಕೂತುಬಿಟ್ಟೆ. ಕುರ್ಚಿಯ ವಿಷಯ ತಪ್ಪಾಯಿತು ಎಂದು ಎಂಟು ವರ್ಷದ ಮೇಲೆ ಆವತ್ತು ಬಾಯಿಬಿಟ್ಟು ಹೇಳಿದೆ. ಆ ಕುರ್ಚಿಯನ್ನು ಮಾವನವರ ತಂದೆ ಎರಡು ಚೀಲ ಜೋಳ ಕೊಟ್ಟು ಬಡಿಗೇರನಿಂದ ಮಾಡಿಸಿದ್ದರೆಂದು ಅತ್ತೆಯವರು ಆಗ ಹೇಳಿದರು. "ಆತು ಬಿಡು. ನನಗ ಕೇಳಿದ್ರ ನಾನೇ ಕೊಡು ಅಂತಿದ್ದೆನೋ ಏನೋ. ಕೇಳಲಿಲ್ಲ ನೀ, ಅಷ್ಟೇ" ಅಂದರು.

ನಿಜ ಹೇಳಬೇಕೆಂದರೆ ಹಳೆಯದರ ಮೇಲೆ ಅವರಿಗೆ ನನ್ನಷ್ಟು ವ್ಯಾಮೋಹವಿಲ್ಲ. ನಾನು ಎಲ್ಲವನ್ನೂ ಉಳಿಸೋಣ ಎಂದು ಹೊರಟಾಗ ಅವರೇ ತಡೆದರು. ಕಬ್ಬಿಣದ ದೊಡ್ಡ ಮಂಚ, ತಳ ಸೋರುವ ತಾಮ್ರದ ಹಂಡೆ, ಮೂರು ತುಕ್ಕು ಟ್ರಂಕು ಕೊಟ್ಟುಬಿಡಿಸಿದರು. "ಎಲ್ಲಾ ಇಟ್ಕೊಂಡು ಏನು ಮಾಡ್ತಿ? ಮನಿ ಅಂದ್ರ ಮನಿಶ್ಯಾರು ಇರಾಕ" ಅಂದರು. ಅಲಮಾರಿ ಮಾತ್ರ ಉಳಿಯಿತು. ಬಡಿಗೇರ ಬಾಗಿಲಿನ ಅಂಚು ಸ್ವಲ್ಪ ಹೆರೆದ, ಈಗ ಸಲೀಸಾಗಿ ಹತ್ತುತ್ತದೆ. ಒಳಮೈಗೆ ಪಾಲಿಶ್ ಹಚ್ಚಬೇಡ ಎಂದು ನಾನೇ ನಿಂತು ಹೇಳಿದೆ.

ನೀವೇ ಮಾಡಿಕೊಳ್ಳಬಹುದಾದ ರಿಪೇರಿ

ಹಳೆಯ ಸಾಮಾನು ಉಳಿಸಲು ದೊಡ್ಡ ಖರ್ಚು ಬೇಕಿಲ್ಲ. ನಾನು ಮಾಡಿ ನೋಡಿದ್ದು, ಬಲ್ಲವರಿಂದ ಕಲಿತದ್ದು ಇಲ್ಲಿದೆ.

1. ಮರದ ಪರೀಕ್ಷೆ: ಕುರ್ಚಿ ಮೇಜನ್ನು ಬೋರಲು ಹಾಕಿ ನೋಡಿ. ಬಣ್ಣ ತಾಗದ ತಳದಲ್ಲಿ ಮರದ ನಿಜವಾದ ಗೆರೆ ಕಾಣುತ್ತದೆ. ಸಾಗವಾನಿ ಜೇನುಕಂದು ಬಣ್ಣದ್ದು, ಸ್ವಲ್ಪ ಎಣ್ಣೆ ಅಂಶವಿರುತ್ತದೆ. ಕೆರೆದಾಗ ಅದರದ್ದೇ ಒಂದು ವಾಸನೆ ಬರುತ್ತದೆ. ಮೇಲೆ ಎಷ್ಟೇ ಬಣ್ಣ ಬಳಿದಿದ್ದರೂ ತಳ ಸುಳ್ಳು ಹೇಳುವುದಿಲ್ಲ.

2. ಜೋತುಬಿದ್ದ ಬೆತ್ತ: ಹರಿಯದೆ ಬರಿ ಜೋತಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆಳಗಡೆಯಿಂದ ಒತ್ತಿ ಚೆನ್ನಾಗಿ ನೆನೆಸಿ. ರಾತ್ರಿಯಿಡೀ ನೆರಳಿನಲ್ಲಿ ಒಣಗಲು ಬಿಡಿ, ಯಾರೂ ಕೂಡಬಾರದು. ಒಣಗುತ್ತಾ ಬೆತ್ತ ತಾನೇ ಬಿಗಿಯಾಗುತ್ತದೆ. ಅಯ್ಯೋ, ಇದು ನನಗೆ ಎಂಟು ವರ್ಷದ ಹಿಂದೆ ಗೊತ್ತಿದ್ದರೆ! ಪ್ಲಾಸ್ಟಿಕ್ ಹೆಣಿಗೆಗೆ ಈ ಉಪಾಯ ನಡೆಯುವುದಿಲ್ಲ.

3. ಮರಕ್ಕೆ ಎಣ್ಣೆ: ಅಗಸಿ ಹಿಂಡಿ ಇಲ್ಲದೆ ನಮಗೆ ರೊಟ್ಟಿ ಇಳಿಯುವುದಿಲ್ಲ, ಅದೇ ಅಗಸಿಯ ಎಣ್ಣೆ ಮರಕ್ಕೂ ಒಳ್ಳೆಯದು. ಬಣ್ಣದ ಅಂಗಡಿಯಲ್ಲಿ ಮರಕ್ಕೆಂದೇ ಸಿಗುವ ಅಗಸೆ ಎಣ್ಣೆ ತನ್ನಿ. ಮೊದಲು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಆಮೇಲೆ ತೆಳ್ಳಗೆ ಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ ತೆಗೆಯಿರಿ. ಮರೆಯಬೇಡಿ: ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಕಾವೇರಿ ಬೆಂಕಿ ಹತ್ತುವುದುಂಟು. ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

4. ಹುಳ: ಮರದಲ್ಲಿ ಸಣ್ಣ ತೂತು ಇದ್ದರೆ ಗಾಬರಿ ಬೇಡ. ಕೆಳಗೆ ಹೊಸ ಹಿಟ್ಟು ಉದುರುತ್ತಿದೆಯೇ ನೋಡಿ. ಉದುರುತ್ತಿದ್ದರೆ ಹುಳ ಜೀವಂತವಿದೆ. ಬಣ್ಣದ ಅಂಗಡಿಯಲ್ಲಿ ಸಿಗುವ ಮರದ ಹುಳದ ಔಷಧಿಯನ್ನು ಸಿರಿಂಜಿನಿಂದ ತೂತಿಗೆ ಬಿಟ್ಟು ಮೇಣದಿಂದ ಮುಚ್ಚಿ. ಅಂಥ ಸಾಮಾನನ್ನು ಬೇರೆ ಮರದ ಪಕ್ಕ ಇಡಬೇಡಿ.

5. ಹಳೇ ಬಣ್ಣ ಕೆರೆಯುವಾಗ: ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಒಣ ಉಜ್ಜಿದರೆ ಧೂಳು ಎದೆಗೆ ಹೋಗುತ್ತದೆ. ನೀರು ಹಚ್ಚಿ ಉಜ್ಜಿ, ಸಣ್ಣ ಧೂಳನ್ನೂ ತಡೆಯುವ ಮಾಸ್ಕ್ ಹಾಕಿ, ಮಕ್ಕಳನ್ನೂ ಬಸುರಿಯರನ್ನೂ ದೂರವಿಡಿ.

6. ಉಕ್ಕಿನ ಬೀರು: ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ಮೇಲೆ ಬಣ್ಣ. ಹಳೆಯ ಹಸಿರು ಅಥವಾ ಬೂದು ಬಣ್ಣವೇ ಅದಕ್ಕೆ ಚೆಂದ.

7. ಬಿದರಿ ಸಾಮಾನು: ಬೀದರಿನ ಹೂದಾನಿ, ಪಾನದಾನ ಇದ್ದರೆ ಹುಣಸೆಹಣ್ಣು ಹಾಕಿ ಬೆಳಗಬೇಡಿ! ಅದು ಸತು ಮತ್ತು ತಾಮ್ರದ ಮಿಶ್ರಲೋಹ, ಮೇಲೆ ಬೆಳ್ಳಿಯ ಎಳೆ. ಆ ಕಪ್ಪು ಬಣ್ಣ ಕೊಳೆಯಲ್ಲ. ಬೀದರ ಕೋಟೆಯ ಮಣ್ಣಿನಿಂದ ಬಂದದ್ದು. ಒಣ ಬಟ್ಟೆಯಿಂದ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಬೆಳ್ಳಿ ಎದ್ದು ಕಾಣುತ್ತದೆ.

8. ಅಡಿಗೆಮನೆಯ ಹಳತು: ಹಿತ್ತಾಳೆ ಪಾತ್ರೆಯ ಕಲಾಯಿ ಹೋಗಿದ್ದರೆ ಸಾರು, ಮಜ್ಜಿಗೆ, ಹುಳಿ ಪದಾರ್ಥ ಹಾಕಬೇಡಿ, ಕಲಾಯಿ ಮಾಡಿಸಿ, ಇಲ್ಲವೇ ಗಿಡದ ಕುಂಡವಾಗಲಿ. ಚಕ್ಕೆ ಎದ್ದ ಎನಾಮೆಲ್ ತಟ್ಟೆಯಲ್ಲಿ ಉಣ್ಣಬೇಡಿ, ಗೋಡೆಗೆ ತೂಗುಹಾಕಿ.

9. ಹಳೇ ರೇಡಿಯೋ: ಅಟ್ಟದಿಂದ ಇಳಿಸಿದ ಕೂಡಲೇ ಪ್ಲಗ್ಗಿಗೆ ಹಾಕಬೇಡಿ. ಒಳಗಿನ ಬಿಡಿಭಾಗ, ವೈರು ಹಾಳಾಗಿದ್ದರೆ ಅಪಾಯ. ತಿಳಿದವರಿಂದ ತೋರಿಸಿ. ಹಾಡದಿದ್ದರೂ ಪೆಟ್ಟಿಗೆ ಪಡಸಾಲೆಗೆ ಶೋಭೆ.

ಇನ್ನು ಪಲಂಗದ ಮೇಲೆ ಯಾವ ಹೊದಿಕೆ ಎಂದು ಅಂಗಡಿ ಸುತ್ತಬೇಡಿ. ಅಜ್ಜಿ ಹೊಲಿದ ಕೌದಿ, ಇಲ್ಲವೇ ನವಲಗುಂದದ ಜಮಖಾನೆ ಹಾಸಿ ನೋಡಿ. ಮಾರಲೇಬೇಕಾಗಿ ಬಂದರೆ ಓಣಿಯ ಗಾಡಿಗೆ ಅವಸರದಿಂದ ಕೊಡಬೇಡಿ. ಫೋಟೋ ತೆಗೆದು ಇಬ್ಬರು ಮೂವರನ್ನು ವಿಚಾರಿಸಿ. ಹೈದರಾಬಾದಿನ ಜುಮೇರಾತ್ ಬಜಾರ್, ಮುಂಬಯಿಯ ಚೋರ್ ಬಜಾರಿನಲ್ಲಿ ಕುಳಿತು ಇಂಥ ಸಾಮಾನಿನಿಂದಲೇ ಹೊಟ್ಟೆ ಹೊರೆಯುವವರಿದ್ದಾರೆ. ಅವರಿಗೆ ಗೊತ್ತಿರುವ ಬೆಲೆ ನಮಗೂ ಗೊತ್ತಿರಬೇಡವೇ?

ಸನ್ನತಿಯ ಕಲ್ಲು

ಮಗಳ ಮದುವೆಯ ಮೊದಲ ಅಕ್ಷತೆ ದೇವರಿಗೆ ಕೊಡಲು ಅತ್ತೆಯವರನ್ನು ಕರೆದುಕೊಂಡು ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಗೆ ಹೋಗಿದ್ದೆವು. ಭೀಮಾ ದಂಡೆಯ ಚಂದ್ರಲಾಂಬಾ ದೇವಿ ಯಾರಿಗೆ ಗೊತ್ತಿಲ್ಲ? ಆ ಗುಡಿಯ ಆವರಣದಲ್ಲಿ ಕಾಳಿಯ ಗುಡಿ ಇದೆ. 1986ರಲ್ಲಿ ಅದರ ಚಾವಣಿ ಕುಸಿದು ಮೂರ್ತಿ ಭಿನ್ನವಾಯಿತು. ಆಗ ನೋಡಿದರೆ ದೇವಿಯ ಪೀಠದ ಕಲ್ಲಿನ ಮೇಲೆ ಅಕ್ಷರ! ಅದು ಸಾಮ್ರಾಟ ಅಶೋಕನ ಶಾಸನ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಎರಡು ಸಾವಿರ ವರ್ಷಕ್ಕೂ ಹಳೆಯ ಮಾತು ಕಾಳಿಯ ಕಾಲ ಕೆಳಗೆ ಸುಮ್ಮನೆ ಕೂತಿತ್ತು. ಹತ್ತಿರದ ಕನಗನಹಳ್ಳಿಯಲ್ಲಿ ಆಮೇಲೆ ಅಗೆದಾಗ ದೊಡ್ಡ ಬೌದ್ಧ ಸ್ತೂಪವೂ, ಹೆಸರು ಬರೆದ ಅಶೋಕನ ಚಿತ್ರವೂ ಸಿಕ್ಕವು. ಆ ಶಿಲ್ಪಗಳ ಕಲ್ಲೂ ನಮ್ಮ ಕಡೆಯ ಸುಣ್ಣಕಲ್ಲೇ.

ಇದನ್ನೆಲ್ಲ ಮಗಳು ತನ್ನ ಅಜ್ಜಿಗೆ ಬಿಡಿಸಿ ಹೇಳಿದಳು. ಅತ್ತೆಯವರು ಕೇಳಿಸಿಕೊಂಡು ನನ್ನ ಕಡೆ ತಿರುಗಿ ನಕ್ಕರು. "ನೋಡಿದ್ಯಾ? ಅಲ್ಲೂ ಯಾರೂ ತಿರುವಿ ನೋಡಿರಲಿಲ್ಲ."

ಮನೆಗೆ ಬಂದ ಮೇಲೆ ನಾನು ಸೀಸದ ಕಡ್ಡಿ ಹುಡುಕಿ ಅವರ ಕೈಗೆ ಕೊಟ್ಟೆ. ಕಣ್ಣು ಮಂಜು, ಕೈ ನಡುಗುತ್ತದೆ. ಆದರೂ ಅಲಮಾರಿಯ ಬಾಗಿಲಲ್ಲಿ ನನ್ನ ಸಾಲಿನ ಕೆಳಗೆ ಮೊಮ್ಮಗಳ ಮದುವೆಯ ತಾರೀಕು ಬರೆದರು.

ಆದ್ದರಿಂದ ಸೋದರಿಯರೇ, ಓಣಿಯಲ್ಲಿ ಭಂಗಾರದವನ ಕೂಗು ಕೇಳಿಸಿದಾಗ ಎರಡೇ ಕೆಲಸ ಮಾಡಿ. ಕೊಡುವ ಸಾಮಾನನ್ನು ಒಮ್ಮೆ ತಿರುವಿ ನೋಡಿ. ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಆಮೇಲೆ ಬೇಕಾದರೆ ಇಡಿ, ಬೇಡವಾದರೆ ಕೊಡಿ.